ಫಿಗ್ಮಾ ಆಮೇಲೆ, ಮೊದಲು ಅಮ್ಮನ ಪಕ್ಕ ಕೂತು ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದವು. ಆ್ಯಪ್, ವೆಬ್‌ಸೈಟ್‌ಗಳ ಯುಐ (ಯೂಸರ್ ಇಂಟರ್‌ಫೇಸ್), ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯೆನ್ಸ್) ಡಿಸೈನ್ ಕಲಿಯುವುದು ಹೇಗೆ, ಎಲ್ಲಿ, ಎಷ್ಟು ಖರ್ಚು, ಕೆಲಸ ಸಿಗುತ್ತದಾ. ಆರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರು, ಹಾಗಾಗಿ ಎಲ್ಲರದ್ದೂ ಬಿಟ್ಟು ಬಡಾವಣೆ ಮಾತ್ರ ಇಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ ಮುಗಿಸಿ ಎರಡು ವರ್ಷದಿಂದ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಯುಐ/ಯುಎಕ್ಸ್ ಕಲಿಯಬೇಕು ಅಂತ ತುಂಬಾ ಆಸೆ. ಒಂದು ಕಡೆ ವಿಚಾರಿಸಿದೆ, ಆರು ತಿಂಗಳ ಕೋರ್ಸಿಗೆ ಒಂದೂವರೆ ಲಕ್ಷ ಅಂದರು, ಕೆಲಸ ಗ್ಯಾರಂಟಿ ಅಂತಲೂ ಅಂದರು. ನನಗೆ ಚಿತ್ರ ಬರೆಯೋಕೆ ಬರಲ್ಲ. ಯುಐಗೂ ಯುಎಕ್ಸ್‌ಗೂ ಏನು ವ್ಯತ್ಯಾಸ ಅಂತಲೂ ಸರಿಯಾಗಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಕಾಮಾಕ್ಷಿಪಾಳ್ಯ

ಉತ್ತರ: ದುಡ್ಡು ಈಗಲೇ ಕಟ್ಟಬೇಡಿ. ಮೂರು ತಿಂಗಳು ತಡೆಯಿರಿ. ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಅನ್ನೋದು ಅಷ್ಟರಲ್ಲಿ ಖರ್ಚಿಲ್ಲದೆ ಗೊತ್ತಾಗುತ್ತದೆ.

ಮೊದಲು ವ್ಯತ್ಯಾಸ. ಗಾಂಧಿ ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಫೋನಿನಲ್ಲಿ ದುಡ್ಡು ಕಳಿಸುತ್ತೀರಿ ಅಂತ ಇಟ್ಟುಕೊಳ್ಳಿ. ನಿಮ್ಮ ಸ್ಕ್ರೀನಿನ ಮೇಲೆ ಕಾಣುವ ಅಂಕಿಗಳು, ಬಟನ್, ಅದರ ಬಣ್ಣ, ಅಕ್ಷರದ ಗಾತ್ರ, ಕೊನೆಗೆ ಬರುವ ಹಸಿರು ಟಿಕ್, ಇವೆಲ್ಲ ಯುಐ. ಆದರೆ ಹೂವಿನ ಅಮ್ಮನ ಕೈ ಒದ್ದೆ, ಬೆರಳಿನಲ್ಲಿ ದಾರ, ಮುಂದೆ ಇನ್ನೂ ಮೂರು ಜನ ಗಿರಾಕಿಗಳು. ಅವರು ಫೋನ್ ತೆಗೆದು ಮೆಸೇಜ್ ನೋಡುವ ಸ್ಥಿತಿಯಲ್ಲಿಲ್ಲ. ಅದಕ್ಕೇ ಬುಟ್ಟಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್ ಡಬ್ಬಿ ಕೂತು, ಎಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಕೂಗಿ ಹೇಳುತ್ತದೆ. ಇವರು ತೋರಿಸಿದ್ದು ನಿಜವಾದ ಪೇಮೆಂಟೋ, ಹಳೇ ಸ್ಕ್ರೀನ್‌ಶಾಟೋ ಎಂಬ ಅನುಮಾನ ಅಲ್ಲಿಗೆ ಮುಗಿಯಿತು. ನೀವೂ ನಿಲ್ಲಬೇಕಿಲ್ಲ, ಅವರೂ ಕಟ್ಟುವುದನ್ನು ನಿಲ್ಲಿಸಬೇಕಿಲ್ಲ. ಒದ್ದೆ ಕೈ, ಗದ್ದಲ, ಅನುಮಾನ, ಅವಸರ ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯೋಚಿಸುವುದು ಯುಎಕ್ಸ್. ಡಾನ್ ನಾರ್ಮನ್ ಎಂಬ ಡಿಸೈನ್ ತಜ್ಞರು 1990ರ ದಶಕದ ಆರಂಭದಲ್ಲಿ ಆಪಲ್ ಕಂಪನಿಯಲ್ಲಿದ್ದಾಗ ಈ ಪದವನ್ನು ಬಳಕೆಗೆ ತಂದರು. ಇಂಟರ್‌ಫೇಸ್ ಅನ್ನೋ ಮಾತು ತೀರಾ ಚಿಕ್ಕದಾಯಿತು ಅಂತ ಅವರಿಗೆ ಅನಿಸಿತ್ತು.

ಚಿತ್ರದ ಚಿಂತೆ ಬಿಡಿ. ಒಂದು ಚೌಕ, ಒಂದು ಗೆರೆ, ಒಂದು ಬಾಣ ಹಾಕೋಕೆ ಬಂದರೆ ವೈರ್‌ಫ್ರೇಮ್, ಅಂದರೆ ಸ್ಕ್ರೀನಿನ ಕಚ್ಚಾ ನಕ್ಷೆ, ಹಾಕಬಹುದು.

ಮೊದಲ ತಿಂಗಳು ಸಾಫ್ಟ್‌ವೇರ್ ಮುಟ್ಟಲೇಬೇಡಿ, ಸುಮ್ನೆ ನೋಡಿ. ಒಂದು ಶನಿವಾರ ಬೆಳಿಗ್ಗೆ ನಿಮ್ಮ ಏರಿಯಾದ ದರ್ಶಿನಿಗೆ ಹೋಗಿ, ಕಾಫಿ ಹಿಡಿದು ಅರ್ಧ ಗಂಟೆ ಮೂಲೆಯಲ್ಲಿ ನಿಲ್ಲಿ. ಮೊದಲ ಸಲ ಬಂದವರು ಯಾರು ಅಂತ ನಿಮಗೇ ಗೊತ್ತಾಗುತ್ತದೆ. ಅವರು ನೇರ ದೋಸೆ ಕೌಂಟರಿಗೆ ಹೋಗುತ್ತಾರೆ, ಅಲ್ಲಿಂದ ಬಿಲ್ ಮಾಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತಾರೆ, ಕ್ಯಾಶ್ ಕೌಂಟರಿನಲ್ಲಿ ನಿಂತ ಮೇಲೆ ತಲೆ ಎತ್ತಿ ಬೋರ್ಡ್ ಓದೋಕೆ ಶುರು ಮಾಡುತ್ತಾರೆ, ಹಿಂದಿನವರು ಗೊಣಗುತ್ತಾರೆ, ಗಾಬರಿಯಲ್ಲಿ ಮನಸ್ಸಿನಲ್ಲಿದ್ದದ್ದು ಬಿಟ್ಟು ಮಸಾಲೆ ದೋಸೆ ಅಂದುಬಿಡುತ್ತಾರೆ. ಆಮೇಲೆ ಕಾಫಿ ಚೀಟಿಯನ್ನು ದೋಸೆಯವರಿಗೆ ಕೊಡುತ್ತಾರೆ. ಎಲ್ಲಿ ನಿಂತರು, ಎಲ್ಲಿ ತಿರುಗಿದರು, ಯಾರನ್ನು ಕೇಳಿದರು, ಬರೆದುಕೊಳ್ಳಿ. ಬೋರ್ಡ್ ಬಾಗಿಲ ಹತ್ತಿರ ಇದ್ದಿದ್ದರೆ? ಚೀಟಿಯ ಬಣ್ಣ ಬೇರೆ ಬೇರೆ ಇದ್ದಿದ್ದರೆ? ಬಳಸುವವರು ಹೆಜ್ಜೆ ಹೆಜ್ಜೆಯಾಗಿ ಸಾಗುವ ಈ ದಾರಿಯೇ ಯೂಸರ್ ಫ್ಲೋ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಗೋಡೆ ತುಂಬಾ ಚೀಟಿ ಅಂಟಿಸಿ ಮಾಡುವುದೂ ಇದನ್ನೇ.

ಇನ್ನೊಂದು ದಿನ ಅಮ್ಮನ ಪಕ್ಕ ಕೂತುಕೊಳ್ಳಿ. ಅವರ ಫೋನಿನಲ್ಲೇ ಗ್ಯಾಸ್ ಬುಕ್ ಮಾಡೋಕೆ ಹೇಳಿ. ಒಂದೇ ನಿಯಮ, ಫೋನಿಗೆ ನೀವು ಕೈ ಹಾಕಬಾರದು. 'ಅಯ್ಯೋ ಅಲ್ಲೇ ಇದೆಯಲ್ಲಮ್ಮ' ಅಂತಲೂ ಹೇಳಬಾರದು. 'ಈಗ ಏನು ಹುಡುಕ್ತಾ ಇದ್ದೀಯಮ್ಮ?' ಅಂತ ಮಾತ್ರ ಕೇಳಿ. ಇದು ನಾನು ಕಂಡ ಅತಿ ಕಷ್ಟದ ಅಭ್ಯಾಸ, ಯಾಕೆಂದರೆ ಮನೆಯವರಿಗೆ ತೋರಿಸಿಕೊಡುವ ಆತುರ ನಮಗೆಲ್ಲ ಇದೆ. ಆ ಆತುರ ತಡೆದುಕೊಂಡ ಹತ್ತು ನಿಮಿಷದಲ್ಲಿ ಸಿಗುವುದು ಯಾವ ಕೋರ್ಸಿನಲ್ಲೂ ಸಿಗಲ್ಲ. ಬಟನ್ ಒತ್ತಿದ ಮೇಲೆ ಸ್ಕ್ರೀನ್ ಸುಮ್ಮನಿದ್ದರೆ ಅವರು ಮತ್ತೆ ಒತ್ತುತ್ತಾರೆ, ಎರಡು ಸಲ ಬುಕ್ ಆಯಿತೇನೋ ಅಂತ ಹೆದರುತ್ತಾರೆ. ಯಾಕೋಬ್ ನೀಲ್ಸನ್ ಎಂಬ ಯುಎಕ್ಸ್ ತಜ್ಞರು 1994ರಲ್ಲಿ ಪಟ್ಟಿ ಮಾಡಿದ 10 ಸೂತ್ರಗಳಲ್ಲಿ ಮೊದಲನೆಯದು ಇದೇ: ಒಳಗೆ ಏನು ನಡೆಯುತ್ತಿದೆ ಅಂತ ಬಳಸುವವರಿಗೆ ಯಾವಾಗಲೂ ಗೊತ್ತಾಗುತ್ತಿರಬೇಕು. ಆ ಹತ್ತೂ ಇಂಟರ್ನೆಟ್ಟಿನಲ್ಲಿ ಉಚಿತವಾಗಿವೆ. ಅಮ್ಮನನ್ನು ನೋಡಿದ ಮೇಲೆ ಓದಿ, ಒಂದೊಂದೂ ಮನಸ್ಸಿಗೆ ನಾಟುತ್ತದೆ.

ಎರಡನೇ ತಿಂಗಳು ಫಿಗ್ಮಾ ತೆರೆಯಿರಿ, ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್ ಅದು. ನೀವು ದಿನಾ ಬಳಸುವ ಆ್ಯಪಿನ ನಾಲ್ಕು ಸ್ಕ್ರೀನ್ ಇದ್ದ ಹಾಗೇ ನಕಲು ಮಾಡಿ. ಕಲಿಯುವಾಗ ನಕಲು ತಪ್ಪಲ್ಲ, ಸಂಗೀತದವರು ಸರಳೆ ವರಸೆ ಮಾಡಿದ ಹಾಗೆ. ಎಷ್ಟು ಜಾಗ ಬಿಟ್ಟಿದ್ದಾರೆ, ಅಕ್ಷರ ಎಷ್ಟು ದೊಡ್ಡದು, ಬಟನ್ ಎಷ್ಟು ಎತ್ತರ ಅಂತ ಅಳೆಯುತ್ತಾ ಹೋದರೆ ಕಣ್ಣು ಪಳಗುತ್ತದೆ. ಬೆರಳಿನಲ್ಲಿ ಒತ್ತುವ ಜಾಗ ಆಪಲ್ ಹೇಳುವ ಪ್ರಕಾರ ಕನಿಷ್ಠ 44 ಪಾಯಿಂಟ್, ಗೂಗಲ್ ಹೇಳುವುದು 48 ಡಿಪಿ (ಎರಡೂ ಸ್ಕ್ರೀನಿನ ಅಳತೆಯ ಮಾನ). ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಕನಿಷ್ಠ 4.5:1 ಇರಬೇಕು. ಬಿಳಿ ಮೇಲೆ ತಿಳಿ ಬೂದು ಬಣ್ಣ ನಿಮ್ಮ ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣಬಹುದು, ಬಿಸಿಲಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತವರಿಗೆ ಏನೂ ಕಾಣಲ್ಲ.

ಮೂರನೇ ತಿಂಗಳು ಚಿಕ್ಕದೊಂದು ಸಮಸ್ಯೆ ಹಿಡಿಯಿರಿ. ನಿಮ್ಮ ಆಫೀಸಿನಲ್ಲೇ ಇದೆ ಅನಿಸುತ್ತದೆ. ಸಣ್ಣ ಅಂಗಡಿಯವರು ಬಿಲ್ಲುಗಳನ್ನು ವಾಟ್ಸಾಪಿನಲ್ಲಿ ಒಂದೊಂದೇ ಫೋಟೋ ಕಳಿಸುತ್ತಾರೆ, ಯಾವುದು ಯಾವ ತಿಂಗಳದ್ದು ಅಂತ ನೀವು ಹುಡುಕುತ್ತಾ ಕೂರುತ್ತೀರಿ, ಅಲ್ವಾ? ಅದಕ್ಕೆ ಐದು ಸ್ಕ್ರೀನಿನ ಪ್ರೋಟೋಟೈಪ್ (ಒತ್ತಿ ನೋಡಬಹುದಾದ ಮಾದರಿ) ಮಾಡಿ ಐದು ಅಂಗಡಿಯವರ ಕೈಗೆ ಕೊಟ್ಟು ನೋಡಿ. ಐದು ಸಾಕು. ಅಷ್ಟು ಜನರಲ್ಲೇ ಮುಕ್ಕಾಲುಪಾಲಿಗಿಂತ ಜಾಸ್ತಿ ತೊಡಕುಗಳು ಹೊರಬರುತ್ತವೆ ಅಂತ ನೀಲ್ಸನ್ 2000ದಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಎರಡು ವರ್ಷ ಆಡಿಟರ್ ಆಫೀಸಿನಲ್ಲಿ ಕಳೆದದ್ದು ವ್ಯರ್ಥ ಅಂದುಕೊಳ್ಳಬೇಡಿ. ಹಣಕಾಸಿನ ಆ್ಯಪ್ ಮಾಡುವ ಕಂಪನಿಗಳಿಗೆ ಜಿಎಸ್‌ಟಿ ಗೊತ್ತಿರುವ ಡಿಸೈನರ್ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಷ್ಟಾದ ಮೇಲೂ ಕೋರ್ಸ್ ಬೇಕು ಅನಿಸಿದರೆ ಸೇರಿ. ಸೇರುವ ಮುಂಚೆ ಹೋದ ಬ್ಯಾಚಿನ ಇಬ್ಬರು ವಿದ್ಯಾರ್ಥಿಗಳ ಜೊತೆ, ಸಂಸ್ಥೆಯವರು ಪಕ್ಕದಲ್ಲಿ ಇಲ್ಲದಾಗ, ಮಾತಾಡಿ. ಕೆಲಸ ಗ್ಯಾರಂಟಿ ಅನ್ನೋದು ಕಾಗದದಲ್ಲಿ ಇದೆಯಾ, ಕೆಲಸ ಸಿಗದಿದ್ದರೆ ದುಡ್ಡು ವಾಪಸ್ಸಾ, ಅದಕ್ಕೆ ಏನೇನು ಷರತ್ತು ಅಂತ ಓದಿ ನೋಡಿ. ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣದಲ್ಲಿ ಗೂಗಲ್‌ನವರ ಯುಎಕ್ಸ್ ಸರ್ಟಿಫಿಕೇಟ್ ಇದೆ, ಅದಕ್ಕೆ ಇಷ್ಟು ದುಡ್ಡು ಬೇಕಾಗಲ್ಲ.

ಪ್ರಶ್ನೆ: ಮನೆಯಲ್ಲಿ 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಮ್ಯಾಕ್‌ಬುಕ್ ಇಲ್ಲದೆ ಆಗಲ್ಲ ಅಂತ ಗೆಳೆಯರು ಹೇಳುತ್ತಾರೆ. ಸಾಲ ಮಾಡಿ ತೆಗೆದುಕೊಳ್ಳಲಾ?
– ದಾಸರಹಳ್ಳಿ

ಉತ್ತರ: ಬೇಡ. ಫಿಗ್ಮಾ ಬ್ರೌಸರಿನಲ್ಲೇ ನಡೆಯುತ್ತದೆ, ಕಲಿಯುವವರಿಗೆ ಉಚಿತ ಪ್ಲಾನ್ ಸಾಕು. ಬೇರೆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ, ಒಂದು ಫೈಲಿನಲ್ಲಿ ನೂರು ಸ್ಕ್ರೀನ್ ತುಂಬದೆ ಹತ್ತು ಹತ್ತು ಇಟ್ಟುಕೊಂಡರೆ ನಿಮ್ಮ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ. ಆಗುವುದಾದರೆ ರ್‍ಯಾಮ್ ಮಾತ್ರ 8 ಜಿಬಿಗೆ ಏರಿಸಿ, ಎಸ್‌ಪಿ ರೋಡಿನಲ್ಲಿ ಹಾಕಿಕೊಡುತ್ತಾರೆ. ಪೆನ್‌ಪಾಟ್ ಅಂತ ಇನ್ನೊಂದಿದೆ, ಪೂರ್ತಿ ಓಪನ್ ಸೋರ್ಸ್, ಅದನ್ನೂ ನೋಡಿ. ಫೋನಿನ ಫಿಗ್ಮಾ ಆ್ಯಪ್ ನೀವು ಮಾಡಿದ್ದನ್ನು ನಿಜವಾದ ಗಾತ್ರದಲ್ಲಿ ನೋಡೋಕೆ ಚೆನ್ನ. ಕೆಲಸ ಮಾಡೋಕೆ ಅದು ಆಗಲ್ಲ.

ಪ್ರಶ್ನೆ: ಅಕ್ಕ, ನಾನು ಪಾವಗಡದ ಕಡೆಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ. ಈಗ ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಡಿಸೈನ್ ಕ್ಲಾಸಿಗೆ ಹೋಗುತ್ತಿದ್ದೇನೆ. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ನನ್ನ ಕೆಲಸ ತೋರಿಸುವ ಸರದಿ ಬಂದರೆ ಬಾಯಿ ಒಣಗುತ್ತದೆ. ಈ ಫೀಲ್ಡ್ ನನಗಲ್ಲವೇನೋ ಅನಿಸುತ್ತಿದೆ.
– ವಿಜಯನಗರ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಟಿಕೆಟ್ ಆ್ಯಪ್ ಮಾಡುತ್ತಿದ್ದೆವು. ಎಲ್ಲ ಇಂಗ್ಲಿಷಿನಲ್ಲಿ ಮುಗಿಸಿ, ಕೊನೇ ವಾರ ಕನ್ನಡ ಹಾಕಿಸಿದೆವು. ಹೊರಗೆ ಯಾರೋ ಅನುವಾದ ಮಾಡಿ ಕಳಿಸಿದರು, ನಾನು ಅದನ್ನು ಸ್ಕ್ರೀನಿನಲ್ಲಿ ಇಟ್ಟು ನೋಡಲೂ ಇಲ್ಲ. ತಂಡದಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಆ್ಯಪ್ ಬಂದ ಎರಡನೇ ದಿನ ಊರಿನಿಂದ ದೊಡ್ಡಪ್ಪ ಫೋನ್ ಮಾಡಿ, 'ಮಗಾ, ಇಲ್ಲಿ ಪುಸ್ತಕ ಅಂತ ಬರೆದಿದೆ, ನನಗೆ ಬಸ್ಸು ಬೇಕಿತ್ತು' ಅಂದರು. ಟಿಕೆಟ್ ಬುಕ್ ಮಾಡುವ ಬಟನ್ ಮೇಲೆ 'ಪುಸ್ತಕ' ಅಂತ ಬಂದಿತ್ತು. 'ಸೆಟ್ಟಿಂಗ್ಸ್' ಅನ್ನುವಲ್ಲಿ ಕೆಳಗಿನ ಒತ್ತುಗಳು ಕತ್ತರಿಸಿ ಹೋಗಿದ್ದವು. ಕನ್ನಡ ಕೊನೆಗೆ ನೋಡಿದರಾಯಿತು ಅಂತ ನಾನೇ ಅಂದುಕೊಂಡಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ.

ಕನ್ನಡದಲ್ಲಿ ಓದಿ ಬೆಳೆದ ನಿಮಗೆ ಮೊದಲ ನೋಟಕ್ಕೇ ಕಾಣುವುದು ಬೇರೆಯವರಿಗೆ ತಿಂಗಳಾದರೂ ಕಾಣಲ್ಲ. ಒತ್ತಕ್ಷರವನ್ನೇ ತೆಗೆದುಕೊಳ್ಳಿ. ನಮ್ಮ ಅಕ್ಷರ ಗೆರೆಯ ಮೇಲೂ ಕೆಳಗೂ ಹರಡುತ್ತದೆ. 'ರಾಷ್ಟ್ರ' ಅಂತ ಬರೆದು ನೋಡಿ, ಒತ್ತು ಎಷ್ಟು ಕೆಳಗೆ ಹೋಗುತ್ತದೆ ಅಂತ. ಇಂಗ್ಲಿಷಿಗೆ ಸರಿಯಾದ ಲೈನ್ ಹೈಟ್ (ಒಂದು ಸಾಲಿಗೆ ಕೊಡುವ ಎತ್ತರ) ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಕನ್ನಡಕ್ಕೆ ಅಕ್ಷರ ಗಾತ್ರದ 1.6ರಷ್ಟರಿಂದ ಶುರು ಮಾಡಿ ಅಲ್ಲಿಂದ ಹೊಂದಿಸುತ್ತೇನೆ. ಬಟನ್ನಿನ ಎತ್ತರವನ್ನು 'ಸೆಟ್ಟಿಂಗ್ಸ್' ತರಹದ ಪದ ಹಾಕಿ ಪರೀಕ್ಷೆ ಮಾಡುತ್ತೇನೆ. ಇನ್ನು ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ, ಶೀರ್ಷಿಕೆ ಎದ್ದು ಕಾಣಬೇಕಾದರೆ ಗಾತ್ರ, ದಪ್ಪ, ಬಣ್ಣ ಇಷ್ಟರಲ್ಲೇ ಮಾಡಬೇಕು. ದಪ್ಪ ಜಾಸ್ತಿಯಾದರೆ ಸಣ್ಣ ಗಾತ್ರದಲ್ಲಿ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒಂದೇ ವಾಕ್ಯವನ್ನು ಮೂರರಲ್ಲೂ ಹಾಕಿ ಫೋನಿನಲ್ಲಿ ಪಕ್ಕಪಕ್ಕ ನೋಡಿ.

ಇದಕ್ಕಿಂತ ಆಳದ್ದು ವಿಭಕ್ತಿ. ಇಂಗ್ಲಿಷಿನಲ್ಲಿ 'ಟು' ಅಂತ ಬರೆದು ಮುಂದೆ ಖಾಲಿ ಜಾಗ ಬಿಟ್ಟರೆ ಅಲ್ಲಿ ಯಾವ ಊರಿನ ಹೆಸರು ಬಂದರೂ ನಡೆಯುತ್ತದೆ. ನಮ್ಮಲ್ಲಿ ಹಾಸನಕ್ಕೆ, ಉಡುಪಿಗೆ, ಮೈಸೂರಿಗೆ. ಊರು ಬದಲಾದರೆ ಪ್ರತ್ಯಯವೂ ಬದಲಾಗುತ್ತದೆ. ಪ್ರೋಗ್ರಾಮ್ ಬರೆಯುವವರು ಎಲ್ಲದಕ್ಕೂ 'ಗೆ' ಅಂಟಿಸಿದರೆ 'ಹಾಸನಗೆ' ಅಂತ ಬರುತ್ತದೆ. ಓದಿದವರಿಗೆ ಇದು ನಮ್ಮವರು ಮಾಡಿದ್ದಲ್ಲ ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ಲಿಗೆ ನಂಬಿಕೆ ಹೋಯಿತು. ಇದಕ್ಕೆ ದಾರಿ ಸುಲಭ, ವಾಕ್ಯ ಕಟ್ಟಬೇಡಿ, 'ಹೋಗುವ ಊರು: ಹಾಸನ' ಅಂತ ಬರೆಯಿರಿ. ಆದರೆ ಈ ದಾರಿ ಬೇಕು ಅಂತ ಹೇಳೋಕೆ ಮೀಟಿಂಗಿನಲ್ಲಿ ಕನ್ನಡ ಬರುವ ಒಬ್ಬರು ಇರಬೇಕು. ಬಟನ್ ಮೇಲೆ 'ಅಳಿಸು' ಅನ್ನಬೇಕಾ 'ಅಳಿಸಿ' ಅನ್ನಬೇಕಾ? ಆ್ಯಪ್ ನಮಗೆ ಹೇಳುತ್ತಿದೆಯಾ, ನಾವು ಆ್ಯಪಿಗೆ ಹೇಳುತ್ತಿದ್ದೇವಾ? ನನ್ನ ಮಟ್ಟಿಗೆ 'ಅಳಿಸಿ' ಸರಿ, ಹಿರಿಯರೂ ಬಳಸುತ್ತಾರೆ, ಮರ್ಯಾದೆ ಉಳಿಯುತ್ತದೆ. ನೀವು ಬೇರೆ ಥರ ವಾದ ಮಾಡಬಹುದು. ಎಲ್ಲ ಸ್ಕ್ರೀನಿನಲ್ಲೂ ಒಂದೇ ರೀತಿ ಇದ್ದರಾಯಿತು.

ಇಂಗ್ಲಿಷ್ ಬೇಡವೇ ಬೇಡ ಅಂತ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಕೋರಮಂಗಲ, ಎಚ್‌ಎಸ್‌ಆರ್ ಕಡೆಯ ಆಫೀಸುಗಳಲ್ಲಿ ಬೇರೆ ಬೇರೆ ರಾಜ್ಯದವರು ಇರುತ್ತಾರೆ, ನಿಮ್ಮ ಕೆಲಸವನ್ನು ಅವರಿಗೆ ವಿವರಿಸಬೇಕು. ಆದರೆ ಭಾಷಣ ಮಾಡುವಷ್ಟು ಇಂಗ್ಲಿಷ್ ಬೇಕಿಲ್ಲ. ದಿನಾ ರಾತ್ರಿ ಐದು ನಿಮಿಷ ನಿಮ್ಮ ಒಂದು ಸ್ಕ್ರೀನ್ ತೆರೆದು, ಇದು ಯಾರಿಗೆ, ಅವರ ತೊಂದರೆ ಏನು, ನಾನು ಏನು ಬದಲಿಸಿದೆ, ಯಾಕೆ, ಈ ನಾಲ್ಕು ಪ್ರಶ್ನೆಗೆ ಮೊದಲು ಕನ್ನಡದಲ್ಲಿ ಉತ್ತರ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕನ್ನಡದಲ್ಲಿ ಸಲೀಸಾದ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ಬಾಯಿ ಒಣಗುವುದು ಎಷ್ಟೋ ಸಲ ಭಾಷೆಗಲ್ಲ, ಯಾಕೆ ಹಾಗೆ ಮಾಡಿದೆ ಅನ್ನುವುದು ನಮಗೇ ಸ್ಪಷ್ಟ ಇರುವುದಿಲ್ಲ, ಅದಕ್ಕೆ. ಮುಂದಿನ ಸರದಿಯಲ್ಲಿ ಕ್ಲಾಸಿಗೆ ಒಂದು ಕನ್ನಡ ಸ್ಕ್ರೀನ್ ತೋರಿಸಿ. ಒತ್ತು ಎಲ್ಲಿ ಕತ್ತರಿಸುತ್ತದೆ ಅಂತ ಬೆರಳಿಟ್ಟು ಹೇಳಿ. ಆ ದಿನ ಅಲ್ಲಿ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಊಟ ತರಿಸುವ ಆ್ಯಪ್, ಹಾಡಿನ ಆ್ಯಪ್, ಟ್ಯಾಕ್ಸಿ ಆ್ಯಪ್, ಹೀಗೆ 12 ರೀಡಿಸೈನ್ ಮಾಡಿ ಪೋರ್ಟ್‌ಫೋಲಿಯೋದಲ್ಲಿ (ನನ್ನ ಕೆಲಸಗಳ ಸಂಗ್ರಹ) ಹಾಕಿದ್ದೇನೆ. ಎಂಟು ತಿಂಗಳಿಂದ ಒಂದು ಕಾಲ್ ಕೂಡ ಬಂದಿಲ್ಲ. ಎಐ ಬಂದಮೇಲೆ ಹೊಸಬರಿಗೆ ಜಾಗವೇ ಇಲ್ಲವಾ?
– ಯಲಹಂಕ

ಉತ್ತರ: ಹತ್ತನ್ನು ತೆಗೆದುಬಿಡಿ. ನಾನು ಹೊಸಬರ ಪೋರ್ಟ್‌ಫೋಲಿಯೋ ನೋಡುವಾಗ ಒಂದಕ್ಕೆ ಮೂರು ನಿಮಿಷಕ್ಕಿಂತ ಜಾಸ್ತಿ ಸಿಗುವುದಿಲ್ಲ. ಆ ಮೂರು ನಿಮಿಷದಲ್ಲಿ ಹುಡುಕುವುದು ಈ ವ್ಯಕ್ತಿ ಹೇಗೆ ಯೋಚಿಸುತ್ತಾರೆ ಅನ್ನೋದನ್ನು. ಚಂದದ ಸ್ಕ್ರೀನ್ ಈಗ ಎಐಗೆ ಎರಡು ಸಾಲು ಬರೆದರೆ ನಿಮಿಷಗಳಲ್ಲಿ ಬರುತ್ತದೆ, ಹಾಗಾಗಿ ಅದೊಂದನ್ನೇ ತೋರಿಸಿದರೆ ನಿಮ್ಮದು ಯಾವುದು ಅಂತ ಗೊತ್ತಾಗಲ್ಲ. ನಿಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಂದವರ ಹೆಸರು ಬರೆಯುವ ರಿಜಿಸ್ಟರ್ ಇದೆಯಲ್ಲ, ಅಥವಾ ಕಾವೇರಿ ನೀರು ಬಾರದ ದಿನ ಟ್ಯಾಂಕರ್ ತರಿಸೋಕೆ ನಾಲ್ಕು ಮನೆಯವರು ವಾಟ್ಸಾಪ್ ಗ್ರೂಪಿನಲ್ಲಿ ಪಡುವ ಪಾಡು ಇದೆಯಲ್ಲ, ಅಂಥದ್ದೊಂದು ಹಿಡಿಯಿರಿ. ಯಾರ ಜೊತೆ ಮಾತಾಡಿದಿರಿ, ಮೊದಲು ಏನು ಅಂದುಕೊಂಡಿದ್ದಿರಿ, ಅದು ಎಲ್ಲಿ ತಪ್ಪಾಯಿತು, ಏನು ಬದಲಿಸಿದಿರಿ ಅಂತ ಕಾಗದದ ಸ್ಕೆಚ್ಚಿನ ಫೋಟೋ ಸಮೇತ ಬರೆಯಿರಿ. ತಪ್ಪಾದ ಸ್ಕ್ರೀನನ್ನೂ ಇಡಿ, ನಾನು ಮೊದಲು ಓದುವುದೇ ಆ ಭಾಗ. ಎಐ ಬಳಸಿ, ಬಳಸಿದ್ದನ್ನು ಹೇಳಿ. ವಾಚ್‌ಮನ್ ಪಕ್ಕದಲ್ಲಿ ನಿಂತು ನೋಡುವ ಕೆಲಸ ಮಾತ್ರ ನಿಮ್ಮದೇ.

ಎಂಟು ತಿಂಗಳು ಕಾದದ್ದು ಕಷ್ಟ, ಗೊತ್ತು. ಹೊಸಬರಿಗೆ ಈಗ ಮೊದಲಿನಷ್ಟು ಸುಲಭ ಇಲ್ಲ ಅನ್ನುವುದೂ ನನ್ನ ಕಣ್ಣೆದುರಿನ ಮಾತು. ಡಿಸೈನರ್ ಹುದ್ದೆಗೆ ಮಾತ್ರ ಅರ್ಜಿ ಹಾಕದೆ ಕ್ಯೂಎ (ಆ್ಯಪ್ ಪರೀಕ್ಷೆ ಮಾಡುವ ಕೆಲಸ), ಕಸ್ಟಮರ್ ಸಪೋರ್ಟ್, ಕಂಟೆಂಟ್ ಬರೆಯುವ ಕೆಲಸದ ಕಡೆಯಿಂದಲೂ ಒಳಗೆ ಬರಬಹುದು. ಸಪೋರ್ಟಿನಲ್ಲಿ ದಿನವಿಡೀ ಜನರ ದೂರು ಕೇಳಿದವರು ಒಳ್ಳೆಯ ಡಿಸೈನರ್ ಆಗಿದ್ದನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಇಂಟರ್ನ್‌ಶಿಪ್ ಸಿಕ್ಕಿ ಎರಡು ತಿಂಗಳಾಯಿತು. ಬುಕಿಂಗ್ ಪೇಜಿನಲ್ಲಿ ಇನ್ಶೂರೆನ್ಸ್ ಬಾಕ್ಸ್ ಮೊದಲೇ ಟಿಕ್ ಆಗಿರಲಿ, ಬೇಡ ಅನ್ನುವ ಲಿಂಕ್ ಸಣ್ಣಗೆ ಇರಲಿ ಅಂತ ಮ್ಯಾನೇಜರ್ ಹೇಳಿದ್ದಾರೆ. ಮನಸ್ಸು ಒಪ್ಪುತ್ತಿಲ್ಲ. ಹೊಸಬಳು, ಏನು ಮಾಡಲಿ?
– ಮಾರತ್ತಹಳ್ಳಿ

ಉತ್ತರ: ಮನಸ್ಸು ಒಪ್ಪದಿದ್ದದ್ದು ಸರಿಯಾಗಿಯೇ ಇದೆ. ಬಳಸುವವರನ್ನು ಯಾಮಾರಿಸುವ ಇಂಥ ಡಿಸೈನಿಗೆ ಡಾರ್ಕ್ ಪ್ಯಾಟರ್ನ್ ಅಂತ ಹೆಸರು, ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್ 2010ರಲ್ಲಿ ಇಟ್ಟಿದ್ದು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿ, 13 ಬಗೆಗಳನ್ನು ಹೆಸರಿಸಿದೆ. ಗ್ರಾಹಕರು ಕೇಳದ್ದನ್ನು ಬಿಲ್ಲಿಗೆ ಸೇರಿಸುವುದು ಅದರಲ್ಲಿ ಒಂದು. ಮ್ಯಾನೇಜರ್ ಜೊತೆ ಜಗಳ ಬೇಡ. 'ಸರ್, ಇದು ಮಾರ್ಗಸೂಚಿಗೆ ತಾಗಬಹುದು, ಲೀಗಲ್‌ನವರನ್ನು ಒಮ್ಮೆ ಕೇಳೋಣವಾ?' ಅಂತ ಮೇಲ್ ಹಾಕಿ, ಮಾರ್ಗಸೂಚಿಯ ಪ್ರತಿಯನ್ನು ಜೊತೆಗೆ ಲಗತ್ತಿಸಿ. ಟಿಕ್ ಇಲ್ಲದ, ಎರಡೂ ಆಯ್ಕೆ ಒಂದೇ ಗಾತ್ರದಲ್ಲಿರುವ ಇನ್ನೊಂದು ಸ್ಕ್ರೀನನ್ನೂ ಮಾಡಿ ಕಳಿಸಿ. ಕೇಳಿದ್ದನ್ನು ಮಾಡಲ್ಲ ಅನ್ನುವುದಕ್ಕಿಂತ ಹೀಗೆ ಮಾಡೋಣ ಅಂತ ತೋರಿಸಿದರೆ ಒಪ್ಪುವ ಸಾಧ್ಯತೆ ಜಾಸ್ತಿ. ಆದರೂ ಒಪ್ಪದಿದ್ದರೆ ಆ ಮೇಲ್ ನಿಮ್ಮ ಹತ್ತಿರ ಇರಲಿ, ಇಂಟರ್ನ್‌ಶಿಪ್ ಮುಗಿಯುವಷ್ಟರಲ್ಲಿ ಬೇರೆ ಕಡೆ ನೋಡಿ.

ಪ್ರಶ್ನೆ: ಮಗಳು ಎರಡನೇ ಪಿಯುಸಿ, ಕಾಮರ್ಸ್. ಡಿಸೈನ್ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಸೈನ್ಸ್ ತೆಗೆದುಕೊಳ್ಳದಿದ್ದರೂ ಆಗುತ್ತದಾ? ಬೆಂಗಳೂರಿನಲ್ಲೇ ಇದೆಯಾ?
– ಬನಶಂಕರಿ

ಉತ್ತರ: ಆಗುತ್ತದೆ. ಐಐಟಿಗಳಲ್ಲಿ ಬಿ.ಡಿಸೈನ್ ಸೇರಲು ಯುಸೀಡ್ ಪರೀಕ್ಷೆ ಬರೆಯಬೇಕು, ಐಐಟಿ ಬಾಂಬೆ ನಡೆಸುತ್ತದೆ, ಕಾಮರ್ಸ್, ಆರ್ಟ್ಸ್ ಓದಿದವರೂ ಬರೆಯಬಹುದು. ಪರೀಕ್ಷೆ ಜನವರಿಯಲ್ಲಿ ಇರುತ್ತದೆ, ಅರ್ಜಿ ಅದಕ್ಕೂ ತಿಂಗಳುಗಳ ಮುಂಚೆಯೇ ಮುಗಿಯುತ್ತದೆ, ಆದ್ದರಿಂದ ದಸರಾ ರಜೆಯಲ್ಲೇ ವೆಬ್‌ಸೈಟ್ ನೋಡಿಬಿಡಿ. ಎನ್‌ಐಡಿಗೆ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೇರೆ ಪರೀಕ್ಷೆ, ಡ್ಯಾಟ್. ತುಮಕೂರು ರಸ್ತೆಯಲ್ಲಿರುವ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಇರುವುದು ಎಂ.ಡಿಸೈನ್, ಪದವಿ ಆದಮೇಲಿನದು. ಇಲ್ಲೇ ಓದಬೇಕಾದರೆ ಯಲಹಂಕದಲ್ಲಿ ಸೃಷ್ಟಿ ಎಂಬ ಡಿಸೈನ್ ಕಾಲೇಜು ಇದೆ, ಖಾಸಗಿ, ಫೀಸು ವಿಚಾರಿಸಿಕೊಂಡು ಹೋಗಿ. ಮಗಳು ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಏನಾದರೂ ಬಿಡಿಸಿ ಇಟ್ಟಿದ್ದರೆ ರದ್ದಿಗೆ ಹಾಕಬೇಡಿ. ಸಂದರ್ಶನ ನಡೆಸುವ ಕಾಲೇಜುಗಳಲ್ಲಿ ಅಂಥದ್ದನ್ನು ತೆಗೆದುಕೊಂಡು ಬನ್ನಿ ಅಂತ ಕೇಳುತ್ತಾರೆ.